ಮೊಬೈಲಿನ ಫೋಟೊ ಗೋಡೆಗೆ ಬರುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಮನೆಯಲ್ಲೇ ಮುದ್ರಿಸಿ ಅಂದವಾಗಿ ತೂಗುಹಾಕುವ ಬಗ್ಗೆ ಬಂದ ಪತ್ರಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳ ಕೆಲವನ್ನು ಈ ಬಾರಿ ಆರಿಸಿಕೊಂಡಿದ್ದೇವೆ. ಉತ್ತರ ಬರೆಯುವಾಗ ಪ್ರತಿ ಸಲವೂ ಮೊದಲು ಕೇಳಿಕೊಂಡ ಪ್ರಶ್ನೆ ಒಂದೇ: ಈ ಫೋಟೊ ಎಷ್ಟು ಕಾಲ ಉಳಿಯಬೇಕು? ಹುಟ್ಟುಹಬ್ಬಕ್ಕೆಂದು ಒಂದು ವಾರ ತೂಗುಹಾಕುವ ಚಿತ್ರಕ್ಕೂ ಮೊಮ್ಮಕ್ಕಳ ಕಾಲಕ್ಕೂ ಇರಬೇಕಾದ ಚಿತ್ರಕ್ಕೂ ಕಾಗದ, ಶಾಯಿ, ಇಡುವ ಜಾಗ ಎಲ್ಲವೂ ಬೇರೆ ಬೇರೆ.

ಪ್ರಶ್ನೆ: ಮದುವೆ ಮನೆಯಲ್ಲಿ ಚಿಕ್ಕಪ್ಪನ ಮಗ ತೆಗೆದ ನಮ್ಮ ಅಜ್ಜಿಯ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ಬಂದಿತ್ತು. ಮೊಬೈಲಿನಲ್ಲಿ ಸ್ಪಷ್ಟವಾಗಿದೆ, 12×18 ಅಂಗುಲಕ್ಕೆ ದೊಡ್ಡದು ಮಾಡಿಸಿದರೆ ಮುಖ ಮಸುಕಾಗಿದೆ. ವಿವರದಲ್ಲಿ 1200×1600 ಎಂದು ತೋರಿಸುತ್ತದೆ. ಏನು ಮಾಡಲಿ?
– ಓದುಗರೊಬ್ಬರು, ಶ್ರೀನಿವಾಸಪುರ

ಉತ್ತರ: ನೀವು ಕೊಟ್ಟಿರುವ ಆ ಎರಡು ಸಂಖ್ಯೆಗಳಲ್ಲೇ ಕಾರಣವಿದೆ. ಕೈಯಲ್ಲಿ ಹಿಡಿದು ನೋಡುವ ಒಳ್ಳೆಯ ಪ್ರಿಂಟಿಗೆ ಅಂಗುಲಕ್ಕೆ 300 ಪಿಕ್ಸೆಲ್ (ಚಿತ್ರವನ್ನು ರೂಪಿಸುವ ಬಣ್ಣದ ಚುಕ್ಕಿ) ಇದ್ದರೆ ಉತ್ತಮ, 200 ಇದ್ದರೆ ಅಡ್ಡಿಯಿಲ್ಲ. ನಿಮ್ಮ ಫೋಟೊದ 1600 ಪಿಕ್ಸೆಲ್‌ಗಳನ್ನು 18 ಅಂಗುಲಕ್ಕೆ ಎಳೆದಾಗ ಅಂಗುಲಕ್ಕೆ 90 ಕೂಡ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಫೋಟೊಗಳನ್ನು ಕಳುಹಿಸುವಾಗ ಕುಗ್ಗಿಸುತ್ತದೆಯೇ ಹೊರತು ಮೂಲ ಚಿತ್ರ ತೆಗೆದವರ ಮೊಬೈಲಿನಲ್ಲಿ ಹಾಗೆಯೇ ಇರುತ್ತದೆ. ಆದ್ದರಿಂದ ನಿಮ್ಮ ಚಿಕ್ಕಪ್ಪನ ಮಗನಿಗೆ ಇಂದೇ ಫೋನು ಮಾಡಿ, ಅದೇ ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳುಹಿಸಲು ಹೇಳಿ. ಆ ದಾರಿಯಲ್ಲಿ ಕಳುಹಿಸಿದರೆ ಚಿತ್ರ ಕುಗ್ಗುವುದಿಲ್ಲ. ಅವರು ಮೊಬೈಲ್ ಬದಲಾಯಿಸುವ ಮೊದಲೇ ಈ ಕೆಲಸ ಆಗಬೇಕು.

ಮೂಲ ಸಿಗದೇ ಹೋದರೂ ನಿರಾಶರಾಗಬೇಡಿ. ಇದೇ ಚಿತ್ರ 6×8 ಅಂಗುಲಕ್ಕೆ ಸರಿಯಾಗಿ ಬರುತ್ತದೆ. ಅದನ್ನು 12×16 ಅಂಗುಲದ ಕಟ್ಟಿನೊಳಗೆ, ಸುತ್ತಲೂ ಅಗಲವಾದ ಬಿಳಿ ಮೌಂಟ್ ಬೋರ್ಡ್ (ಫೋಟೊದ ಸುತ್ತ ಅಂಚಿನಂತೆ ಇಡುವ ದಪ್ಪ ರಟ್ಟು) ಬಿಟ್ಟು ಕೂರಿಸಿದರೆ ಗೋಡೆಯ ಮೇಲೆ ದೊಡ್ಡ ಫೋಟೊದಷ್ಟೇ ಘನತೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅದಕ್ಕಿಂತ ಹೆಚ್ಚೇ. ಮೊಬೈಲಿನ ಫೋಟೊ ಸಾಮಾನ್ಯವಾಗಿ 3:4ರ ಅಳತೆಯದು, 12×18 ಎಂಬುದು 2:3ರದು. ನಿಲುವಿನ ಚಿತ್ರವನ್ನು ಆ ಅಳತೆಗೆ ತುಂಬಿಸಿದಾಗ ಪಕ್ಕಗಳಿಂದ ಒಟ್ಟು ಒಂದೂವರೆ ಅಂಗುಲ ಕತ್ತರಿಸಿ ಹೋಗುತ್ತದೆ. 6×8ರಲ್ಲಿ ಆ ನಷ್ಟವೂ ಇಲ್ಲ. ಇನ್ನು, ಮಸುಕಾದ ಮುಖವನ್ನು ಸ್ಪಷ್ಟಗೊಳಿಸಿ ಕೊಡುತ್ತೇವೆನ್ನುವ ಆ್ಯಪ್‌ಗಳನ್ನು ಅಜ್ಜಿಯ ಫೋಟೊಗೆ ದಯವಿಟ್ಟು ಬಳಸಬೇಡಿ. ಚಿತ್ರದಲ್ಲಿ ಇಲ್ಲದ ವಿವರವನ್ನು ಅವು ಊಹಿಸಿ ತುಂಬುತ್ತವೆ. ಕಣ್ಣು, ಸುಕ್ಕು, ತುಟಿಯ ಅಂಚು ಬೇರೆ ಯಾರದೋ ಆಗಿಬಿಡುತ್ತದೆ.

ಪ್ರಶ್ನೆ: ಫೋಟೊಗಳಿಗೆಂದೇ ಮನೆಗೆ ಪ್ರಿಂಟರ್ ಕೊಳ್ಳುವುದು ಲಾಭವೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಫೋಟೊಗಳಿಗೆಂದೇ ಆದರೆ ಬೇಡ. ಮಕ್ಕಳ ಶಾಲೆಯ ಕೆಲಸಕ್ಕೂ ಬೇಕಿದ್ದರೆ ಇಂಕ್ ಟ್ಯಾಂಕ್ ಪ್ರಿಂಟರ್ ಕೊಳ್ಳಬಹುದು. ಅದನ್ನು ವಾರಗಟ್ಟಲೆ ಸುಮ್ಮನಿಟ್ಟರೆ ಶಾಯಿ ಒಣಗಿ ಸೂಕ್ಷ್ಮ ರಂಧ್ರಗಳು ಕಟ್ಟಿಕೊಳ್ಳುತ್ತವೆ, ನಮ್ಮ ಬಯಲುಸೀಮೆಯ ಬೇಸಿಗೆಯ ಧೂಳೂ ಅದಕ್ಕೆ ಸೇರುತ್ತದೆ. ಹಾಗಾಗಿ ವಾರಕ್ಕೊಮ್ಮೆಯಾದರೂ ಒಂದು ಬಣ್ಣದ ಹಾಳೆ ಮುದ್ರಿಸಿ, ಉಳಿದ ಹೊತ್ತು ಬಟ್ಟೆ ಮುಚ್ಚಿಡಿ. ಇಂಥ ಶಾಯಿ ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟರಿಗೆಂದು ಮಾರುವ ಹೊಳಪು ಕಾಗದವನ್ನು ಲೇಸರ್ ಪ್ರಿಂಟರಿಗೆ ಎಂದೂ ಹಾಕಬಾರದು. ಅದರ ಲೇಪ ಒಳಗಿನ ಕಾವಿಗೆ ಕರಗಿ ಯಂತ್ರಕ್ಕೆ ಅಂಟಿಕೊಳ್ಳಬಹುದು.

ಬಣ್ಣ ನೀರಿನಲ್ಲಿ ಕರಗಿರುವ ಡೈ ಶಾಯಿ ಬೆಳಕಿಗೆ ಬೇಗ ಮಂಕಾಗುತ್ತದೆ, ಬಣ್ಣದ ಕಣಗಳಿರುವ ಪಿಗ್ಮೆಂಟ್ ಶಾಯಿ ಹೆಚ್ಚು ಕಾಲ ತಾಳುತ್ತದೆ. ಮನೆಯ ಪ್ರಿಂಟರಿನ ಡೈ ಶಾಯಿಯ ಚಿತ್ರಗಳನ್ನು ಆಗಾಗ ಬದಲಾಯಿಸುವ ಜಾಗಕ್ಕೆ ಇಟ್ಟುಕೊಂಡು, ಉಳಿಯಲೇಬೇಕಾದವನ್ನು ಪೇಟೆಯ ಕಲರ್ ಲ್ಯಾಬಿನಲ್ಲಿ, ಶಾಯಿಯಿಲ್ಲದೆ ಬೆಳಕಿನಿಂದಲೇ ಚಿತ್ರ ಮೂಡುವ ನಿಜವಾದ ಫೋಟೊ ಕಾಗದದ ಮೇಲೆ ಮಾಡಿಸುವುದು ಸರಿಯಾದ ಹಂಚಿಕೆ.

ಪ್ರಶ್ನೆ: ನಾವು ರೇಷ್ಮೆ ಸಾಕಣೆ ಬಿಟ್ಟ ಮೇಲೆ ಬಿದಿರಿನ ಹಳೆಯ ಚಂದ್ರಂಕಿಗಳು ಅಟ್ಟದ ಮೇಲೆ ಬಿದ್ದಿವೆ. ಒಂದನ್ನು ನಡುಮನೆಯಲ್ಲಿ ನಿಲ್ಲಿಸಿ ಮೊಬೈಲಿನ ಫೋಟೊಗಳನ್ನು ಹಾಕಬಹುದೇ?
– ಗೃಹಿಣಿಯೊಬ್ಬರು, ಶಿಡ್ಲಘಟ್ಟ

ಉತ್ತರ: ಖಂಡಿತ ಹಾಕಬಹುದು, ಈ ಬಾರಿ ಬಂದ ಪತ್ರಗಳಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಇದೇ. ಹುಳು ಗೂಡು ಕಟ್ಟಲೆಂದು ಚಾಪೆಯ ಮೇಲೆ ಸುರುಳಿಯಾಗಿ ನಿಲ್ಲಿಸಿದ ಆ ಬಿದಿರಿನ ಪಟ್ಟಿ ಫೋಟೊ ಸಿಕ್ಕಿಸಲು ಹೇಳಿ ಮಾಡಿಸಿದಂತಿದೆ. ಆದರೆ ಮೊದಲು ಅದನ್ನು ಶುದ್ಧ ಮಾಡಬೇಕು. ಪಟ್ಟಿಗಳ ಸಂದಿಯಲ್ಲಿ ರೇಷ್ಮೆಯ ಎಳೆ, ಹುಳುವಿನ ಹಿಕ್ಕೆ ಮಾತ್ರವಲ್ಲದೆ ಹುಳು ಮನೆಗೆ ಹೊಡೆಯುತ್ತಿದ್ದ ಬ್ಲೀಚಿಂಗ್ ಪುಡಿಯ ಅಂಶವೂ ಉಳಿದಿರಬಹುದು, ಅದು ಫೋಟೊದ ಬಣ್ಣವನ್ನು ತಿನ್ನುತ್ತದೆ. ಗಡುಸು ಬ್ರಷ್ಷಿನಿಂದ ಉಜ್ಜಿ, ಧಾರಾಳ ನೀರಿನಲ್ಲಿ ತೊಳೆದು, ಕೆಲವು ದಿನ ಚೆನ್ನಾಗಿ ಬಿಸಿಲಿಗೆ ಹಾಕಿ. ಬಿದಿರಿನಿಂದ ಸಣ್ಣ ತೂತುಗಳ ಮೂಲಕ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳು ಇನ್ನೂ ಇದೆಯೆಂದು ಅರ್ಥ. ಅಂಥದ್ದನ್ನು ಬಿಟ್ಟು ಬೇರೆಯದನ್ನು ಆರಿಸಿಕೊಳ್ಳಿ.

ಆ ಸುರುಳಿಗೆ 4×6ರ ಫೋಟೊ ದೊಡ್ಡದಾಗುತ್ತದೆ, 2×3 ಅಂಗುಲದ್ದು ಒಪ್ಪುತ್ತದೆ. ಮೊಬೈಲಿನಲ್ಲೇ ನಾಲ್ಕು ಫೋಟೊಗಳನ್ನು ಒಂದು 4×6ರ ಹಾಳೆಯಲ್ಲಿ ಜೋಡಿಸಿ ಮುದ್ರಿಸಿ ಕತ್ತರಿಸಿದರೆ ಸರಿಯಾಗಿ ನಾಲ್ಕು ಚಿಕ್ಕ ಫೋಟೊಗಳಾಗುತ್ತವೆ, ಒಂದು ಚೂರೂ ದಂಡವಾಗುವುದಿಲ್ಲ. ಅಂಟಿಸಬೇಡಿ. ಚಿಕ್ಕ ಮರದ ಕ್ಲಿಪ್ಪುಗಳಿಂದ ಪಟ್ಟಿಯ ಅಂಚಿಗೆ ಸಿಕ್ಕಿಸಿದರೆ ಯಾವಾಗ ಬೇಕಾದರೂ ಬದಲಾಯಿಸಬಹುದು. ಇಡೀ ಚಂದ್ರಂಕಿಯನ್ನು ತುಂಬುವ ಆಸೆಯನ್ನೂ ಬಿಡಿ: ನಡುವಿನಿಂದ ಆರಂಭಿಸಿ ಸುರುಳಿಯ ಜಾಡಿನಲ್ಲೇ ಹೊರಕ್ಕೆ ಹೋಗುತ್ತಾ, ಮಗು ಹುಟ್ಟಿದಂದಿನಿಂದ ಇಂದಿನವರೆಗೆ ಕಾಲಕ್ರಮದಲ್ಲಿ ಹಾಕಿ, ಹೊರ ಸುತ್ತುಗಳನ್ನು ಮುಂದಿನ ವರ್ಷಗಳಿಗೆ ಖಾಲಿ ಬಿಡಿ.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ಮಕ್ಕಳು ಮನೆಯವರ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ಪ್ರಿಂಟರ್ ಇಲ್ಲದೆ ಕೈಯಾರೆ ಮುದ್ರಿಸುವ ವಿಧಾನವೇನಾದರೂ ಇದೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ಸೈನೋಟೈಪ್ ಎಂಬ ವಿಧಾನವಿದೆ. ಇಂಗ್ಲೆಂಡಿನ ವಿಜ್ಞಾನಿ ಜಾನ್ ಹರ್ಷೆಲ್ 1842ರಲ್ಲಿ ಕಂಡುಹಿಡಿದದ್ದು. ಕಟ್ಟಡಗಳ ನೀಲಿ ನಕ್ಷೆಗಳನ್ನು ಬಹುಕಾಲ ಇದರಿಂದಲೇ ತೆಗೆಯುತ್ತಿದ್ದರು. ಇದಕ್ಕೆ ಬೇಕಾದ ಬಿಸಿಲು ನಮ್ಮಲ್ಲಿ ಯಥೇಚ್ಛವಾಗಿದೆ.

ಒಂದು ಬಾಟಲಿಯಲ್ಲಿ 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 25 ಗ್ರಾಂ ಹಸಿರು ಬಣ್ಣದ ಫೆರಿಕ್ ಅಮೋನಿಯಂ ಸಿಟ್ರೇಟ್, ಇನ್ನೊಂದರಲ್ಲಿ ಅಷ್ಟೇ ನೀರಿಗೆ 10 ಗ್ರಾಂ ಪೊಟ್ಯಾಸಿಯಂ ಫೆರಿಸಯನೈಡ್ ಕರಗಿಸಿ, ಬೇಕಾದಾಗ ಮಾತ್ರ ಎರಡನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಬಿಸಿಲು ಬಾರದ ಮಂದ ಬೆಳಕಿನ ಕೋಣೆಯಲ್ಲಿ ದಪ್ಪ ಡ್ರಾಯಿಂಗ್ ಹಾಳೆಗೆ ಬ್ರಷ್ಷಿನಿಂದ ತೆಳುವಾಗಿ ಬಳಿದು ಕತ್ತಲಲ್ಲಿ ಒಣಗಿಸಬೇಕು. ಮೊಬೈಲಿನ ಫೋಟೊವನ್ನು ಕಪ್ಪು-ಬಿಳುಪು ಮಾಡಿ, ಬಣ್ಣ ತಿರುವಿ ನೆಗೆಟಿವ್ ಮಾಡಿಕೊಳ್ಳಿ. ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪಾರದರ್ಶಕ ಹಾಳೆಯ ಮೇಲೆ ತೆಗೆಸಬಹುದು. ಇದೊಂದಕ್ಕೆ ಮಾತ್ರ ಯಂತ್ರ ಬೇಕು. ಬಳಿದ ಹಾಳೆಯ ಮೇಲೆ ನೆಗೆಟಿವ್ ಇಟ್ಟು, ಗಾಜು ಮುಚ್ಚಿ ಕ್ಲಿಪ್ ಹಾಕಿ ಮಧ್ಯಾಹ್ನದ ಬಿಸಿಲಿಗೆ ಇಡಿ. ಬೆಳಕು ತಾಗಿದ ಕಡೆ ಹಳದಿ ಮಿಶ್ರಿತ ಹಸಿರು ಮೊದಲು ನೀಲಿಯಾಗಿ, ಅನಂತರ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿಸಿಲಿನ ತೀಕ್ಷ್ಣತೆಗೆ ತಕ್ಕಂತೆ 5ರಿಂದ 15 ನಿಮಿಷ ಬೇಕಾಗುತ್ತದೆ. ನೀರಿಗೆ ಹಾಕಿದಾಗ ಬೆಳಕು ತಾಗದ ದ್ರಾವಣ ತೊಳೆದುಹೋಗಿ ಬಿಳಿಯಾಗುತ್ತದೆ, ತಾಗಿದ ಕಡೆ ಪ್ರಷ್ಯನ್ ನೀಲಿ ನಿಲ್ಲುತ್ತದೆ. ಒಣಗುತ್ತಾ ನೀಲಿ ಇನ್ನಷ್ಟು ಗಾಢವಾಗುತ್ತದೆ.

ಇಲ್ಲಿ ನಮ್ಮ ಭಾಗದವರು ಗಮನಿಸಬೇಕಾದದ್ದು ಕೊಳವೆಬಾವಿಯ ನೀರು. ಈ ನೀಲಿಗೆ ಕ್ಷಾರ ಆಗುವುದಿಲ್ಲ. ಸವುಳು ನೀರಿನಲ್ಲಿ ಹೆಚ್ಚು ಹೊತ್ತು ತೊಳೆದರೆ ಚಿತ್ರ ಪೇಲವವಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಒಳ್ಳೆಯದು, ಇಲ್ಲವಾದರೆ ಮೊದಲ ತೊಳೆಯುವ ನೀರಿಗೆ ಕೆಲವು ಹನಿ ನಿಂಬೆರಸ ಸೇರಿಸಿ. ಸೋಪು ಬೇಡ, ಸುಣ್ಣ ಬಳಿದ ಗೋಡೆಗೆ ನೇರವಾಗಿ ಅಂಟಿಸುವುದೂ ಬೇಡ. ಮಕ್ಕಳಿಗೆ ಕೈಗವಸು ಹಾಕಿಸಿ, ಅಡುಗೆಯ ಪಾತ್ರೆಗಳನ್ನು ಬಳಸಬೇಡಿ, ಪ್ರಯೋಗಾಲಯದ ಪ್ರಬಲ ಆಮ್ಲಗಳು ಈ ಫೆರಿಸಯನೈಡ್ ಹತ್ತಿರಕ್ಕೂ ಬರದಂತೆ ನೋಡಿಕೊಳ್ಳಿ, ಏಕೆಂದರೆ ಅವು ಸೇರಿದರೆ ವಿಷಾನಿಲ ಹೊರಬರಬಹುದು. ಬೆಳಕಿಗೆ ಸ್ವಲ್ಪ ಮಂಕಾದ ಸೈನೋಟೈಪನ್ನು ಕೆಲವು ದಿನ ಕತ್ತಲಲ್ಲಿಟ್ಟರೆ ಬಣ್ಣ ಬಹುಮಟ್ಟಿಗೆ ಮರಳುತ್ತದೆ. ಇದನ್ನು ಮಕ್ಕಳಿಗೆ ಕಣ್ಣಾರೆ ತೋರಿಸಿ.

ಪ್ರಶ್ನೆ: ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಫೋಟೊ ಹಾಕುವುದು ಹೇಗೆ?
– ಓದುಗರೊಬ್ಬರು, ತಿಪಟೂರು

ಉತ್ತರ: ಗೋಡೆಗೆ ಸುಣ್ಣ ಅಥವಾ ಡಿಸ್ಟೆಂಪರ್ ಬಳಿದಿದ್ದರೆ ಟೇಪು ನಿಲ್ಲುವುದಿಲ್ಲ, ಕಿತ್ತಾಗ ಬಣ್ಣವೂ ಬರುತ್ತದೆ. ಮರದ ಬೀರುವಿನ ಪಕ್ಕಕ್ಕೆ ಅಥವಾ ಕಪಾಟಿನ ಎರಡು ತುದಿಗಳಿಗೆ ತೆಂಗಿನ ನಾರಿನ ತೆಳು ಹುರಿ ಕಟ್ಟಿ ಕ್ಲಿಪ್ಪುಗಳಿಂದ ತೂಗುಹಾಕಿ. ಕಿಟಕಿಯ ಸರಳಿಗೆ ಮಾತ್ರ ಕಟ್ಟಬೇಡಿ, ಬಿಸಿಲಿಗೆ ಬಣ್ಣ ಹೋಗುತ್ತದೆ.

ಪ್ರಶ್ನೆ: ಗಣಿಯಲ್ಲಿ ಕೆಲಸ ಮಾಡುತ್ತಿದ್ದ ತಂದೆಯವರ ಹಳೆಯ ಫೋಟೊ ಕಟ್ಟಿನ ಗಾಜಿಗೆ ಅಂಟಿಕೊಂಡಿದೆ. ಅದನ್ನು ಬಿಡಿಸಿ, ಮೊಬೈಲಿನಲ್ಲಿ ತೆಗೆದು ಮೂವರು ಮಕ್ಕಳಿಗೂ ಒಂದೊಂದು ಪ್ರತಿ ಕೊಡಬೇಕೆಂದಿದ್ದೇನೆ.
– ಓದುಗರೊಬ್ಬರು, ಕೆ.ಜಿ.ಎಫ್.

ಉತ್ತರ: ದಯವಿಟ್ಟು ಬಿಡಿಸಲು ಹೋಗಬೇಡಿ. ತೇವಕ್ಕೆ ಮೆದುವಾದ ಫೋಟೊದ ಮೇಲ್ಪದರ ಗಾಜಿಗೆ ಹತ್ತಿಕೊಂಡಿರುತ್ತದೆ, ಎಳೆದರೆ ಮುಖವೇ ಗಾಜಿನ ಮೇಲೆ ಉಳಿದುಬಿಡಬಹುದು. ಗಾಜಿನ ಹೊರಭಾಗವನ್ನು ಒಣ ಬಟ್ಟೆಯಿಂದ ಒರೆಸಿ, ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಫೋಟೊವನ್ನು ನೆಟ್ಟಗೆ ನಿಲ್ಲಿಸಿ. ಒಂದು ಕಪ್ಪು ಬಟ್ಟೆಯಲ್ಲಿ ಕ್ಯಾಮೆರಾದ ಕಣ್ಣಿನಷ್ಟೇ ತೂತು ಮಾಡಿ, ಮೊಬೈಲಿನ ಮುಂದೆ ಪರದೆಯಂತೆ ಹಿಡಿದರೆ ನಿಮ್ಮ ಪ್ರತಿಬಿಂಬ ಗಾಜಿನಲ್ಲಿ ಕಾಣುವುದಿಲ್ಲ. ಫ್ಲ್ಯಾಷ್ ಬೇಡ. ಮೊಬೈಲನ್ನು ಫೋಟೊಗೆ ಸಮಾನಾಂತರವಾಗಿ ಹಿಡಿದು, ಸ್ವಲ್ಪ ಹಿಂದೆ ನಿಂತು, ಅಂಚುಗಳು ವಾಲದಂತೆ ನೋಡಿ ತೆಗೆಯಿರಿ.

ಹೊಸ ಪ್ರತಿಗಳಿಗೆ ಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಮೌಂಟ್ ಬೋರ್ಡ್ ಕೊಡಲು ಹೇಳಿ. ಆ ಸಣ್ಣ ಸಂದಿ ಇದ್ದರೆ ಮತ್ತೆ ಅಂಟಿಕೊಳ್ಳುವುದಿಲ್ಲ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಹುಟ್ಟಿದ ಮಕ್ಕಳಿಗೆ ಆ ಉಡುಪಾಗಲಿ ಹಿಂದೆ ಕಾಣುವ ಕಟ್ಟಡವಾಗಲಿ ಏನೆಂದು ತಿಳಿಯದು. ಆದ್ದರಿಂದ ತಂದೆಯವರ ಹೆಸರು, ಅವರು ಇಳಿಯುತ್ತಿದ್ದ ಶಾಫ್ಟ್, ಗೊತ್ತಿದ್ದರೆ ಇಸವಿ ಇವನ್ನು ಪ್ರತಿಯೊಂದು ಪ್ರತಿಯ ಹಿಂದೆಯೂ ಬರೆಯಿರಿ. ಲ್ಯಾಬಿನ ಫೋಟೊ ಕಾಗದದ ಹಿಂಬದಿ ಪ್ಲಾಸ್ಟಿಕ್ ಲೇಪದ್ದಾದ್ದರಿಂದ ಪೆನ್ಸಿಲ್ ಸರಿಯಾಗಿ ಮೂಡುವುದಿಲ್ಲ, ಬಾಲ್ ಪೆನ್ನಿನ ಒತ್ತು ಮುಂಬದಿಗೆ ಕಾಣುತ್ತದೆ; ನೀರಿಗೆ ಕದಡದ ಪಿಗ್ಮೆಂಟ್ ಶಾಯಿಯ ಪೆನ್ನಿನಲ್ಲಿ ಅಂಚಿನ ಬಳಿ ಹಗುರವಾಗಿ ಬರೆದು, ಪೂರ್ತಿ ಒಣಗಿದ ಮೇಲೆಯೇ ಒಂದರ ಮೇಲೊಂದು ಇಡಿ.