ಪ್ರತಿಕ್ರಿಯೆ: ಬಿಳಿಯ ಜಿರ್‌ಫಾಲ್ಕನ್ ಬೇರೆಯೇ ಪ್ರಭೇದವೇ?

ಬಿಳಿ ಮತ್ತು ಬೂದು ಜಿರ್‌ಫಾಲ್ಕನ್‌ಗಳು (ಫಾಲ್ಕನ್ ಎಂಬ ಬೇಟೆಹಕ್ಕಿಗಳ ಗುಂಪಿಗೆ ಸೇರಿದವು) ಎರಡು ಬೇರೆ ಪ್ರಭೇದಗಳೇ, ಇನ್ನೊಂದು ಫಾಲ್ಕನ್ ಆದ ಪೆರಿಗ್ರಿನ್‌ನಿಂದ ಅವನ್ನು ಗುರುತಿಸುವುದು ಹೇಗೆ ಎಂದು ತಾವು ಕೇಳಿದ್ದೀರಿ. ಪ್ರಭೇದ ಒಂದೇ. ಬಹುತೇಕ ಅಚ್ಚ ಬಿಳುಪಿನಿಂದ ಹಿಡಿದು ಬೂದು, ಗಾಢ ಕಂದುಗಪ್ಪಿನವರೆಗೆ ಅದರ ಪುಕ್ಕಗಳ ಬಣ್ಣ ಬದಲಾಗುತ್ತದೆ. ಗ್ರೀನ್‌ಲ್ಯಾಂಡಿನ ಉತ್ತರ ಭಾಗದಲ್ಲಿ ಬಿಳಿಯವೇ ಹೆಚ್ಚು.

ಫಾಲ್ಕನ್‌ಗಳಲ್ಲೆಲ್ಲ ಇದೇ ದೊಡ್ಡದು. ಹೆಣ್ಣು ಗಂಡಿಗಿಂತ ಗಣನೀಯವಾಗಿ ದೊಡ್ಡದಾಗಿದ್ದು, ಗಂಡು ಸುಮಾರು 0.8ರಿಂದ 1.3 ಕಿಲೋ ತೂಗಿದರೆ ಹೆಣ್ಣು 2 ಕಿಲೋವರೆಗೂ ತೂಗಬಲ್ಲದು. ದೊಡ್ಡ ಹೆಣ್ಣಿನ ರೆಕ್ಕೆಗಳ ಹರವು 160 ಸೆಂಟಿಮೀಟರ್ ಮುಟ್ಟುತ್ತದೆ.

ಬಣ್ಣವನ್ನು ನಂಬಿದರೆ ಮೋಸಹೋಗುವ ಸಂಭವವಿರುವುದರಿಂದ, ಆಕಾರವನ್ನು ನೋಡುವುದೇ ಮೇಲೆಂಬುದು ನನ್ನ ಅಭಿಪ್ರಾಯ. ಪೆರಿಗ್ರಿನ್ ಕುಳಿತಾಗ ಅದರ ರೆಕ್ಕೆಯ ತುದಿಗಳು ಬಾಲದ ತುದಿಯನ್ನು ಬಹುಮಟ್ಟಿಗೆ ತಲುಪುತ್ತವೆ. ಜಿರ್‌ಫಾಲ್ಕನ್‌ನ ಬಾಲ ಉದ್ದವಾದುದರಿಂದ ಅವು ಸಾಕಷ್ಟು ಹಿಂದೆಯೇ ನಿಲ್ಲುತ್ತವೆ. ಅದರ ರೆಕ್ಕೆಗಳೂ ಅಗಲ, ಮೈಯೂ ತುಂಬಿಕೊಂಡದ್ದು. ಪೆರಿಗ್ರಿನ್‌ನ ಕೆನ್ನೆಯ ಮೇಲೆ ಎದ್ದುಕಾಣುವ ಕಪ್ಪು ಮೀಸೆಯಂತಹ ಪಟ್ಟಿ ಇದರಲ್ಲಿ ಮಸುಕಾಗಿರುತ್ತದೆ, ಬಿಳಿಯವುಗಳಲ್ಲಂತೂ ಕಾಣುವುದೇ ಅಪರೂಪ.

ಜಿರ್‌ಫಾಲ್ಕನ್‌ನ ಕಾಲುಗಳು ನೀಲಿಬೂದು ಬಣ್ಣದವಾಗಿದ್ದರೆ ಅದು ಎಳೆಯದು. ಬೆಳೆದವುಗಳ ಕಾಲು ಹಳದಿ.