ಪ್ರತಿಕ್ರಿಯೆ: ಆಸ್ಟ್ರೇಲಿಯಾದ ಗಾರಿ (ಫ್ರೇಸರ್) ದ್ವೀಪದ ಬೂಮಂಜಿನ್ ಕೆರೆ ನೀರು ಕಂದು, ಮಕ್ಕಳನ್ನು ಇಳಿಸಬಹುದಾ?

ಅದು ಕೊಳೆಯಲ್ಲ, ಬಹುಶಃ ಟ್ಯಾನಿನ್. ಸುತ್ತಲಿನ ಗಿಡಮರಗಳ ಎಲೆ, ತೊಗಟೆಯ ಒಗರು ನೀರಿಗೆ ಇಳಿದು ಚಹಾ ಡಿಕಾಕ್ಷನ್ ಬಣ್ಣ ಬರುತ್ತದೆ. ಈಜಲು ತೊಂದರೆಯಿಲ್ಲ. ಆದರೆ ಮೇಲೆ ಹಸಿರು ಪದರವೋ ಕೆಟ್ಟ ವಾಸನೆಯೋ ಇದ್ದರೆ ಇಳಿಯಬೇಡಿ. ನಿಮ್ಮ ಫೋಟೊದಲ್ಲಿ ಅದು ಗೊತ್ತಾಗುತ್ತಿಲ್ಲ, ಹಾಗಾಗಿ ಮೊದಲು ದಡದಲ್ಲಿರುವ ಸೂಚನಾ ಫಲಕ ನೋಡಿ.

ತಿಳಿನೀರೇ ಬೇಕೆಂದರೆ ಅದೇ ದ್ವೀಪದ ಮೆಕೆಂಜಿ ಕೆರೆಗೆ ಹೋಗಿ. ಅದು ಮಳೆನೀರಿನ ಕೆರೆ. ಕೊಳೆತ ಎಲೆಯೂ ಮರಳೂ ಸೇರಿ ಗಟ್ಟಿಯಾದ ತಳ ನೀರನ್ನು ಇಂಗಲು ಬಿಡದೆ ಹಿಡಿದಿಟ್ಟಿದೆ. ಹೊಳೆಯ ಹಾಗೆ ನೀರು ಹರಿದುಹೋಗುವುದಿಲ್ಲ, ಹಾಕಿದ್ದೆಲ್ಲ ಅಲ್ಲೇ ಉಳಿಯುತ್ತದೆ. ಅದಕ್ಕೇ ಸೋಪು, ಶಾಂಪೂ ಬೇಡವೇ ಬೇಡ. ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಈಜುಡುಗೆ ಹಾಕಿಸಿ.

ಊಟ ದಡಕ್ಕೆ ತರಬೇಡಿ, ಡಿಂಗೋ ಕಾಡುನಾಯಿಗಳು ಬರುತ್ತವೆ. ಬೇಲಿ ಹಾಕಿದ ಜಾಗದಲ್ಲಿ ತಿನ್ನಿ, ಮಕ್ಕಳು ಕೈಗೆ ಸಿಗುವಷ್ಟು ಹತ್ತಿರವಿರಲಿ.

ಸಮಯ ಉಳಿದರೆ ದ್ವೀಪದಲ್ಲೇ ಇರುವ ಸೆಂಟ್ರಲ್ ಸ್ಟೇಷನ್ ಎಂಬ ಜಾಗದ ಮಳೆಕಾಡು ಬಿಡಬೇಡಿ. ಬರೀ ಮರಳಿನ ಮೇಲೆ ಅಷ್ಟೆತ್ತರದ ಮರಗಳು! ಅಲ್ಲಿನ ವಾಂಗೂಲ್ಬಾ ತೊರೆಯ ಪಕ್ಕ ಮರದ ಹಲಗೆಯ ದಾರಿಯಿದೆ, ಮಕ್ಕಳೂ ನಡೆಯಬಹುದು.

ಬೀಚ್ ಮೇಲೆ ಗಾಡಿ ಓಡಿಸುವುದಾದರೆ ಹೊರಡುವ ಮುಂಚೆ ಉಬ್ಬರದ ಹೊತ್ತು ನೋಡಿಕೊಳ್ಳಿ. ಅದರ ಹಿಂದೆ ಮುಂದೆ 2 ಗಂಟೆ ಬೀಚಿಗೆ ಇಳಿಯಬೇಡಿ.