ಬೂದಿ ಇಳಿದ ಮೇಲೂ ಉಳಿಯುವ ಮಂಜು

ಪ್ರಶ್ನೆ: ಜ್ವಾಲಾಮುಖಿಯ ಬೂದಿ ಬೇಗನೆ ನೆಲಕ್ಕಿಳಿಯುವುದಾದರೆ, ಅದರ ಪರಿಣಾಮ ಮೇಲಿನ ವಾಯುಮಂಡಲದಲ್ಲಿ ವರ್ಷಗಟ್ಟಲೆ ಉಳಿಯುವುದು ಹೇಗೆ?

ಉತ್ತರ: ಉಳಿಯುವುದು ಬೂದಿಯಲ್ಲ, ಅದರೊಡನೆ ಮೇಲೇರಿದ ಗಂಧಕದ ಡೈಆಕ್ಸೈಡ್. 1991ರ ಜೂನ್ 15ರಂದು ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿ ಸಿಡಿದಾಗ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್‌ನಷ್ಟು ಈ ಅನಿಲ ಮೋಡ-ಮಳೆಗಳ ಪದರಕ್ಕಿಂತ ಮೇಲಿರುವ ಸಮೋಷ್ಣ ಮಂಡಲವನ್ನು ಸೇರಿತು. ಅಲ್ಲಿ ಅದು ಗಂಧಕಾಮ್ಲದ ಅತಿ ಸೂಕ್ಷ್ಮ ಹನಿಗಳ ಮಂಜಾಗಿ ಮಾರ್ಪಟ್ಟು, ತೊಳೆದುಹಾಕಲು ಆ ಎತ್ತರದಲ್ಲಿ ಮಳೆಯೇ ಇಲ್ಲದ ಕಾರಣ, ಸುಮಾರು ಎರಡು ವರ್ಷ ಭೂಮಿಯನ್ನೆಲ್ಲ ಕವಿದು ನಿಂತಿತು. ಈ ಮಂಜು ಬಿಸಿಲನ್ನು ಚದುರಿಸಿದ್ದರಿಂದ ಭೂಮಿಯ ಸರಾಸರಿ ಉಷ್ಣತೆ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿಯಿತು. ಆದರೆ ಹನಿಗಳು ಶಾಖವನ್ನು ಹೀರಿಕೊಂಡಿದ್ದರಿಂದ ಸಮೋಷ್ಣ ಮಂಡಲ ಮಾತ್ರ ಬಿಸಿಯೇರಿತು. ಓಜೋನ್ ಪದರವೂ ತೆಳುವಾಯಿತು. ಎಲ್ಲ ಸ್ಫೋಟಗಳೂ ಹೀಗೆಯೇ ಎನ್ನಲಾಗದು: 2022ರ ಜನವರಿ 15ರಂದು ಟೊಂಗಾ ದ್ವೀಪಗಳ ಬಳಿ ಕಡಲಡಿಯಲ್ಲಿ ಸಿಡಿದ ಜ್ವಾಲಾಮುಖಿಯ ಹೊಗೆಕಂಬ ಸುಮಾರು 57 ಕಿಲೋಮೀಟರ್ ಏರಿ, ಕಡಲ ನೀರನ್ನೇ ಆವಿಯಾಗಿಸಿ ಹದಿನಾಲ್ಕು ಕೋಟಿ ಟನ್‌ಗೂ ಹೆಚ್ಚು ನೀರಾವಿಯನ್ನು ಸಮೋಷ್ಣ ಮಂಡಲಕ್ಕೆ ತುಂಬಿತು.